ಆರು ದಿನ ಮುಚ್ಚಿರುತ್ತಿದ್ದ ಬಾಗಿಲು

ನಮ್ಮೂರ ಚರ್ಚಿನ ಎರಡನೆಯ ಕೀಲಿಕೈ ಯಾರ ಬಳಿ ಇರಬೇಕು ಎಂಬ ಒಂದೇ ವಿಷಯದ ಮೇಲೆ ನಮ್ಮ ಹಿರಿಯರು ಒಂದೂವರೆ ವರ್ಷ ವಾದಿಸಿದರು. ಪ್ರಾಥಮಿಕ ಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾಗಿ ಎರಡು ತಿಂಗಳೂ ಕಳೆದಿರದ ನನ್ನನ್ನು ಆಗಷ್ಟೇ ಕಮಿಟಿಯ ಕಾರ್ಯದರ್ಶಿಯನ್ನಾಗಿ ಮಾಡಿದ್ದರು. ಗದಗ ತಾಲ್ಲೂಕಿನ ಎರೆ ಸೀಮೆಯ ಹಳ್ಳಿ ನಮ್ಮದು. ನಾನು ಹುಡುಗನಾಗಿದ್ದಾಗ ಮೂವತ್ತಕ್ಕೂ ಹೆಚ್ಚು ಕ್ರೈಸ್ತ ಮನೆಗಳಿದ್ದವು. ಈಗ ಹನ್ನೊಂದು ಉಳಿದಿವೆ. ಮಿಕ್ಕವರು ಹುಬ್ಬಳ್ಳಿ, ಪುಣೆ, ಗೋವಾ ಎಂದು ದುಡಿಮೆಯ ಬೆನ್ನು ಹತ್ತಿ ಹೋದರು. ತಿಂಗಳಿಗೆ ಎರಡು ರವಿವಾರ ಸಭಾಪಾಲಕರು ಬೇರೆ ಊರಿನಿಂದ ಬಂದು ಆರಾಧನೆ ನಡೆಸುತ್ತಿದ್ದರು. ಉಳಿದ ದಿನಗಳಲ್ಲಿ ಬಾಗಿಲಿಗೆ ಕೀಲಿ, ಒಳಗೆ ಪಾರಿವಾಳ.

ಆ ಕಟ್ಟಡ ಹಾಗೆ ಮುಚ್ಚಿಡುವುದಕ್ಕೆಂದು ಕಟ್ಟಿದ್ದಲ್ಲ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಎಂದು ಘಟ್ಟದ ಮೇಲೆ ಒಂದೊಂದೇ ಠಾಣೆ ಹಾಕಿಕೊಂಡರು. ಅದೇ ಕಾಲಕ್ಕೆ ಗದಗಿನ ಪಕ್ಕದ ಮಲ್ಲಸಮುದ್ರದಲ್ಲಿ ಒಕ್ಕಲುತನದ ಒಂದು ವಸಾಹತನ್ನೂ ಮಾಡಿ ನೋಡಿದರು, ಅದು ಬಹಳ ದಿನ ಬಾಳಲಿಲ್ಲ. ಠಾಣೆಗಳ ಸುತ್ತಲಿನ ಹಳ್ಳಿಗಳಲ್ಲಿ ಅವರು ಕಟ್ಟಿಸಿದ ಸಣ್ಣ ಚರ್ಚುಗಳಲ್ಲಿ ಹಲವು ವಾರದ ದಿನಗಳಲ್ಲಿ ಕನ್ನಡ ಶಾಲೆಗಳೇ ಆಗಿದ್ದವು. ನಮ್ಮಲ್ಲಿಯೂ ಹಾಗೆಯೇ. ಹಿಂದಿನ ಗೋಡೆಗೆ ಸುಣ್ಣದ ಗಚ್ಚಿನಿಂದಲೇ ಮಾಡಿದ ಕರೀ ಹಲಗೆ ಇನ್ನೂ ಇದೆ. ನಮ್ಮ ಅಜ್ಜ ಅದರ ಮುಂದೆ ಕುಳಿತು ಮಗ್ಗಿ ಕಲಿತವರು, ಅವರ ಜೊತೆ ಕುಳಿತಿದ್ದವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಬಾಗಿಲನ್ನು ಮತ್ತೆ ಊರಿಗೆ ತೆರೆಯೋಣ ಎಂದು ನಾನು ಹೇಳಿದಾಗ ನನ್ನ ಕೈಯಲ್ಲಿದ್ದ ದೊಡ್ಡ ಸಾಕ್ಷಿ ಈ ಕರೀ ಹಲಗೆಯೇ.

ಕಟ್ಟಡದ ವಯಸ್ಸಿನ ಬಗ್ಗೆ ಊರಲ್ಲಿ ಒಂದು ತಪ್ಪು ನಂಬಿಕೆ ಬೇರೂರಿತ್ತು. ಮಾಡಿನಿಂದ ಇಳಿಸಿದ ಹೆಂಚುಗಳ ಬೆನ್ನ ಮೇಲೆ 1865 ಎಂಬ ಅಚ್ಚು ಇರುವುದನ್ನು ನೋಡಿ, ಚರ್ಚನ್ನು ಕಟ್ಟಿದ್ದು ಆ ವರ್ಷವೇ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಮಕ್ಕಳಿಗೆ ಹಾಗೆಯೇ ಹೇಳಿಕೊಟ್ಟಿದ್ದೆ. ಆದರೆ ಅದು ಮಂಗಳೂರಿನ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಮಿಶನ್ನಿನ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ವರ್ಷ. ಅದಾದ ಎಷ್ಟೋ ವರ್ಷಗಳ ನಂತರ ಸುಟ್ಟ ಹೆಂಚಿಗೂ ಅದೇ ಅಚ್ಚು ಬೀಳುತ್ತಿತ್ತು. ಹಳೆಯ ಕಟ್ಟಡದ ಕೆಲಸಕ್ಕೆ ಕೈಹಾಕುವವರಿಗೆ ನಾನು ಹೇಳುವುದು ಇಷ್ಟೇ: ಹೆಂಚಿನ ಮೇಲಿನ ಇಸವಿಯನ್ನು ಕಲ್ಲಿನ ಮೇಲೆ ಕೆತ್ತಿಸುವ ಅವಸರ ಮಾಡಬೇಡಿರಿ. ನಾವು ಬೋರ್ಡು ಬರೆಸಿ ಆಗಿತ್ತು. ಪೇಂಟರನನ್ನು ಮತ್ತೊಮ್ಮೆ ಕರೆಸಿ ಅಳಿಸಬೇಕಾಯಿತು.

ನಿಜವಾದ ಕೆಲಸ ಗೋಡೆಯದು. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರರು ಒಳಗೋಡೆಯ ಹಳೆಯ ಗಚ್ಚನ್ನು ಕೆತ್ತಿಸಿ ಸಿಮೆಂಟ್ ಗಿಲಾವು ಮಾಡಿಸಿದ್ದರು. ಮೂರು ವರ್ಷ ಚಂದ ಕಂಡಿತು. ಆಮೇಲೆ ನೆಲದಿಂದ ಮೂರಡಿ ಎತ್ತರದವರೆಗೆ ಬಿಳಿ ಉಪ್ಪು ಹೊಮ್ಮಿ, ಗಿಲಾವು ಹಪ್ಪಳದಂತೆ ಉಬ್ಬಿ ಉದುರತೊಡಗಿತು. ಲಕ್ಕುಂಡಿ ಕಡೆಯ ಎಪ್ಪತ್ತು ದಾಟಿದ ಗೌಂಡಿಯೊಬ್ಬರನ್ನು ಕರೆತಂದೆ. ಅವರು ಥಾಪಿಯ ಹಿಡಿಕೆಯಿಂದ ಗೋಡೆಯ ಉದ್ದಕ್ಕೂ ಬಡಿದು ಸಪ್ಪಳ ಕೇಳುತ್ತಾ ನಡೆದು, ಕೊನೆಗೆ ನನ್ನ ಕಡೆ ತಿರುಗಿ, "ಮಾಸ್ತರ್ರ, ಗ್ವಾಡಿಗೆ ರೇನ್‌ಕೋಟ್ ಹಾಕ್ಯಾರ. ಹೊರಗಿನ ನೀರು ಬರಂಗಿಲ್ಲ ಖರೆ, ಒಳಗಿನ ಬೆವರು ಎಲ್ಲಿಗೆ ಹೋಗಬೇಕು?" ಎಂದರು. ಸುಣ್ಣದ ಗಚ್ಚು ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ, ತೇವದೊಡನೆ ಮೇಲೇರಿದ ಮಣ್ಣಿನ ಉಪ್ಪು ಅಲ್ಲಿಯೇ ಹರಳುಗಟ್ಟಿ ಕಲ್ಲನ್ನೇ ತಿನ್ನುತ್ತದೆ. ಇದನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು.

ಸಿಮೆಂಟನ್ನೆಲ್ಲ ಕೈಯುಳಿಯಿಂದ ಬಿಡಿಸಿ, ಚರ್ಚಿನ ಹಿತ್ತಲಲ್ಲಿ ಕುಣಿ ತೋಡಿಸಿ, ಸುಟ್ಟ ಸುಣ್ಣದ ಹರಳನ್ನು ನೀರಿಗೆ ಹಾಕಿದೆವು. ಹರಳು ನೀರು ಕುಡಿಯುವಾಗ ಕುಣಿ ಕುದಿಯುತ್ತದೆ, ಹಬೆ ಏಳುತ್ತದೆ, ಸಿಡಿದ ಹನಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಆದ್ದರಿಂದ ಸುತ್ತ ಮುಳ್ಳುಬೇಲಿ ಹಾಕಿಸಿದೆ. ಆದರೂ ನೋಡಲು ಬಂದ ಹುಡುಗರು, ಹುಡುಗರನ್ನು ಕರೆಯಲು ಬಂದ ತಾಯಂದಿರು, ತಾವು ಚಿಕ್ಕವರಿದ್ದಾಗ ಎತ್ತು ಕಟ್ಟಿ ಗಚ್ಚು ಅರೆಯುವ ಗಾಣವನ್ನು ಕಂಡಿದ್ದೆವೆಂದು ಹೇಳಲು ಬಂದ ಮುದುಕರು, ಹೀಗೆ ದಿನವೂ ಮಂದಿ ನೆರೆಯತೊಡಗಿದರು. ಕುಣಿಯಲ್ಲಿ ಮೂರು ವಾರಕ್ಕೂ ಹೆಚ್ಚು ದಿನ ನೆನೆದ ಸುಣ್ಣಕ್ಕೆ ಮೂರರಷ್ಟು ಉಸುಕು, ಬೆಲ್ಲದ ನೀರು, ಅಳಲೆಕಾಯಿ ನೆನೆಹಾಕಿದ ನೀರು ಕೂಡಿಸಿ ಅರೆದೆವು. ಬೆಲ್ಲವನ್ನು ಕಿರಾಣಿ ಅಂಗಡಿಯವರು ದುಡ್ಡು ತೆಗೆದುಕೊಳ್ಳದೆ ಕೊಟ್ಟರು. ಊರಿಗೆ ಬಾಗಿಲು ತೆರೆಯಬೇಕೇ ಎಂದು ನಾವು ಒಳಗೆ ಕುಳಿತು ವಾದಿಸುತ್ತಿದ್ದಾಗಲೇ ಊರು ಹಿತ್ತಲ ಬಾಗಿಲಿನಿಂದ ಬಂದಾಗಿತ್ತು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಈಸ್ಟರ್ ಹಬ್ಬಕ್ಕೆ ಮುಗಿಸುವ ಹಟದಿಂದ ಮಾರ್ಚ್ ಕೊನೆಯಲ್ಲಿ ಮೊದಲ ಪದರನ್ನು ಹಚ್ಚಿಸಿದೆ. ಗೌಂಡಿಯವರು ಬೇಡವೆಂದಿದ್ದರು. ಗಚ್ಚು ಗಟ್ಟಿಯಾಗುವುದು ಒಣಗಿ ಅಲ್ಲ, ಹಸಿಯಾಗಿಯೇ ಇದ್ದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು. ಬ್ಯಾಸಗಿಯ ಬಿಸಿಗಾಳಿಗೆ ನಮ್ಮ ಪದರು ಎರಡೇ ದಿನದಲ್ಲಿ ಒಣಗಿ ಜೇಡರ ಬಲೆಯಂತೆ ಸೀಳಿತು. ಅದನ್ನೆಲ್ಲ ಕೆರೆದು, ಮಳೆಗಾಲ ಹಿಡಿದ ಮೇಲೆ ತೆಳುವಾಗಿ ಎರಡು ಪದರು ಹಚ್ಚಿ, ಹತ್ತು ದಿನ ಗೋಣಿಚೀಲವನ್ನು ತೋಯಿಸಿ ಇಳಿಬಿಟ್ಟೆವು. ಅದು ನಿಂತಿದೆ.

ಪಶ್ಚಿಮದ ಗೋಡೆಯಲ್ಲಿ ಬೆರಳು ಹೋಗುವಷ್ಟು ಬಿರುಕಿತ್ತು. ಅದು ಬೆಳೆಯುತ್ತಿದೆಯೇ ಎಂದು ತಿಳಿಯಲು ಮೂರು ಕಡೆ ಅಡ್ಡಲಾಗಿ ಗಚ್ಚಿನ ತೆಳು ಪಟ್ಟಿ ಹಚ್ಚಿ ತಾರೀಖು ಬರೆದೆ. ಪಟ್ಟಿ ಏಪ್ರಿಲ್‌ನಲ್ಲಿ ಒಡೆಯಿತು. ಸೆಪ್ಟೆಂಬರ್‌ನಲ್ಲಿ ಸೀಳು ಮತ್ತೆ ಕೂಡಿಕೊಂಡಿತು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಕುಗ್ಗಿ ಬಾಯಿಬಿಡುತ್ತದೆ, ಅದರ ಮೇಲೆ ಕುಳಿತ ಗೋಡೆಯೂ ಅದರ ಜೊತೆ ಉಸಿರಾಡುತ್ತದೆ. ಬಿರುಕಿಗೆ ಸಿಮೆಂಟು ತುಂಬುವುದನ್ನು ಬಿಟ್ಟು, ಮಾಡಿನ ನೀರು ತಳಪಾಯದಿಂದ ದೂರ ಹರಿಯುವಂತೆ ಗಟಾರ ತೋಡಿಸಿ, ಗೋಡೆಯ ಸುತ್ತ ನಾಲ್ಕಡಿ ಅಗಲ ಫರಸಿ ಹಾಸಿದೆವು. ಆ ಹಾಸಿನ ಮೇಲೆ ಈಗ ಸಂಜೆ ಹೆಣ್ಣುಮಕ್ಕಳು ಕುಳಿತು ಸೊಪ್ಪು ಸೋಸುತ್ತಾರೆ. ಅದಕ್ಕೆಂದು ಹಾಸಿದ್ದಲ್ಲ.

ಇನ್ನು ಬಾಗಿಲಿನ ಮಾತು. "ದೇವರ ಮನಿ ಛತ್ರ ಆಗಬಾರದು" ಎಂದ ಹಿರಿಯರದು ಕಡೆಗಣಿಸುವ ಮಾತಾಗಿರಲಿಲ್ಲ. ಹೊರಗಿನ ಅನುಮಾನವೂ ಸಣ್ಣದಿರಲಿಲ್ಲ. ಸಂಜೆ ಮಕ್ಕಳನ್ನು ಚರ್ಚಿಗೆ ಕರೆಯುವುದು ಮತಕ್ಕೆ ಸೇರಿಸಲಿಕ್ಕೆ ಎಂದು ಸಂತೆಯಲ್ಲಿ ಮಾತು ಎದ್ದಿತ್ತು. ಎರಡಕ್ಕೂ ನಾವು ಕಂಡುಕೊಂಡ ಉಪಾಯ, ಎಲ್ಲವನ್ನೂ ಬರೆದು ಹಾಕುವುದು. ಸಂಜೆ ನಾಲ್ಕರಿಂದ ಎಂಟರವರೆಗೆ ಬಾಗಿಲು ತೆರೆದಿರುತ್ತದೆ, ಆರಾಧನೆಯ ಪವಿತ್ರ ಮೇಜಾದ ಕರ್ತನ ಮೇಜಿನ ಮೆಟ್ಟಿಲಿನಿಂದ ಆಚೆ ಯಾರೂ ಹೋಗುವಂತಿಲ್ಲ, ಊಟ ಹೊರಗೆ ಬೇವಿನ ಮರದ ಕೆಳಗೆ, ಯಾವ ಪಕ್ಷದ ಸಭೆಯೂ ಇಲ್ಲ, ಆರಾಧನೆಯಲ್ಲದ ಹೊತ್ತಿನಲ್ಲಿ ಬೋಧನೆ ಮಾಡುವುದಾಗಲಿ ಧರ್ಮದ ಪುಸ್ತಕ ಹಂಚುವುದಾಗಲಿ ಇಲ್ಲ. ಕೊನೆಯ ನಿಯಮಕ್ಕೆ ನಮ್ಮವರೇ ಸಿಟ್ಟಾದರು. "ನಮ್ಮ ಮನಿಯೊಳಗ ನಮ್ಮ ದೇವರ ಹೆಸರು ಹೇಳಬಾರದೇನ್ರಿ?" ಎಂದು ಕೇಳಿದ ಹಿರಿಯರಿಗೆ, "ರವಿವಾರ ಬೇಕಾದಷ್ಟು ಹೇಳೂಣ್ರಿ, ಅವತ್ತು ಯಾರು ಬಂದರೂ ತಾವಾಗಿ ಬಂದಿರತಾರ" ಎಂದೆ. ಅವರು ಒಪ್ಪಲಿಲ್ಲ, ಆದರೆ ಸಹಿ ಹಾಕಿದರು. ವಾರದ ಕಾರ್ಯಕ್ರಮವನ್ನು ಪ್ರತಿ ಶನಿವಾರ ಅದೇ ಹಳೆಯ ಕರೀ ಹಲಗೆಯ ಮೇಲೆ ಬರೆಯುತ್ತೇನೆ. ಎರಡನೆಯ ಕೀಲಿಕೈ ಎದುರಿಗಿನ ಕಿರಾಣಿ ಅಂಗಡಿಯಲ್ಲಿ ಮೊಳೆಗೆ ತೂಗುತ್ತದೆ. ಒಯ್ದವರು ಅಲ್ಲಿನ ವಹಿಯಲ್ಲಿ ಹೆಸರು, ಹೊತ್ತು ಬರೆಯಬೇಕು. ಅಂಗಡಿಯವರು ಲಿಂಗಾಯತರು, ಸಹಿಯಿಲ್ಲದೆ ನನಗೂ ಕೊಡುವುದಿಲ್ಲ.

ತೆರೆದ ಬಾಗಿಲೊಳಗೆ ಮೊದಲು ನೆಲೆಯೂರಿದ್ದು ಸಂಗೀತ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಮಾಸ್ತರರೊಬ್ಬರು ಪಕ್ಕದೂರಿನವರು. ವಾರಕ್ಕೆ ಎರಡು ಸಂಜೆ ಬಂದು ಮಕ್ಕಳಿಗೆ ಹಾರ್ಮೋನಿಯಂ, ತಬಲಾ ಹೇಳಿಕೊಡುತ್ತಾರೆ. ಬಂದ ಮೊದಲ ದಿನವೇ ಚಪ್ಪಾಳೆ ತಟ್ಟಿ, ಹೆಂಚಿನ ಮಾಡಿಗೂ ಗಚ್ಚಿನ ಗೋಡೆಗೂ ದನಿ ಹೇಗೆ ತಾಗಿ ಬರುತ್ತದೆಂದು ಕೇಳಿ, ಮಕ್ಕಳನ್ನು ಎಲ್ಲಿ ಕೂರಿಸಬೇಕೆಂದು ತೋರಿಸಿದರು. ನಮ್ಮ ಬೆಂಚುಗಳ ಸಾಲನ್ನು ನೂರು ವರ್ಷದಿಂದ ಯಾರೂ ಕದಲಿಸಿರಲಿಲ್ಲ. ಚರ್ಚಿನಲ್ಲಿ ಭಜನೆಯ ಧಾಟಿ ಸರಿಯೇ ಎಂದು ಕೇಳಿದವರಿಗೆ ನಾನು ಬಾಸೆಲ್ ಮಿಶನ್ನಿನ ಪಾದ್ರಿ ಕಿಟ್ಟೆಲರ ಹೆಸರನ್ನು ಮುಂದೆ ಮಾಡಿದೆ: 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಆ ಪಂಡಿತರು ಅದಕ್ಕೂ ಬಹಳ ಮೊದಲು, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಕಥಾಮಾಲೆಯಾಗಿ ಬರೆದವರು. ಪಾದ್ರಿಯೇ ಷಟ್ಪದಿ ಬರೆದ ಮೇಲೆ ನಮಗೇನು ಅಡ್ಡಿ?

ಸುಗ್ಗಿ ಹಬ್ಬದ ಲಿಲಾವು, ಎಂದರೆ ಕಾಣಿಕೆಯಾಗಿ ಬಂದ ಬೆಳೆಯನ್ನು ಕೂಗಿ ಮಾರುವುದು, ಮೊದಲು ಚರ್ಚಿನ ಸಭೆಯವರಷ್ಟೇ ಮಾಡುತ್ತಿದ್ದುದು. ಹನ್ನೊಂದು ಮನೆಯವರು ಒಬ್ಬರ ಜೋಳವನ್ನು ಇನ್ನೊಬ್ಬರು ಕೊಂಡು ಮನೆಗೆ ಹೋಗುವುದರಲ್ಲಿ ಏನು ಹುರುಪಿರುತ್ತದೆ? ಬಿಳಿಜೋಳದ ರಾಶಿ ಮುಗಿದ ಮೇಲಿನ ರವಿವಾರ ಆರಾಧನೆ ಮುಗಿಸಿ, ಲಿಲಾವನ್ನು ಬೇವಿನ ಮರದ ಕೆಳಗೆ ತಂದು ಊರಿಗೆಲ್ಲ ಡಂಗುರ ಹೊಡೆಸಿದೆವು. ಬ್ಯಾಡಗಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಒಂದು ಜವಾರಿ ಕೋಳಿ, ಗಡಿಗೆ ಮೊಸರು, ನೂರು ಖಡಕ್ ರೊಟ್ಟಿಯ ಗಂಟು ಬಂದವು. ನಮ್ಮ ಸಭೆಯ ಒಬ್ಬ ಅಜ್ಜಿ ಹಿತ್ತಲಲ್ಲಿ ಬೆಳೆದ ಕುಂಬಳಕಾಯಿ ತಂದಿಟ್ಟರು. ಐವತ್ತು ರೂಪಾಯಿಗೆ ಅದನ್ನು ಕೊಂಡ ಚಹಾದ ಅಂಗಡಿಯ ಸಾಹೇಬರು, "ಇನ್ನೊಮ್ಮೆ ಕೂಗ್ರಿ" ಎಂದು ತಿರುಗಿ ಕೊಟ್ಟರು. ಎರಡನೆಯ ಸಲ ಕೊಂಡವರೂ ಹಾಗೆಯೇ ಮಾಡಿದರು. ಐದು ಸಲ ಮಾರಾಟವಾದ ಆ ಕುಂಬಳಕಾಯಿ ಒಟ್ಟು ಒಂಬೈನೂರ ನಲವತ್ತು ರೂಪಾಯಿ ತಂದು, ಸಂಜೆ ಮತ್ತೆ ಅಜ್ಜಿಯ ಮನೆಗೇ ಹೋಯಿತು. ಆ ದಿನದ ದುಡ್ಡಿನಿಂದ ಹೆಂಚಿನ ಕೆಳಗಿನ ಹುಳ ತಿಂದ ರೀಪುಗಳನ್ನು ಬದಲಿಸಿದೆವು. ಲೆಕ್ಕವನ್ನು ಪೈಸೆ ಬಿಡದೆ ಕರೀ ಹಲಗೆಯ ಮೇಲೆ ಬರೆದೆ.

ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಹಳೆಯ ವಹಿಗಳನ್ನೂ ಒಂದೊಂದು ಪುಟವಾಗಿ ಫೋಟೋ ತೆಗೆದಿಟ್ಟಿದ್ದೇನೆ. 1918ರ ಇನ್‌ಫ್ಲುಯೆಂಜಾದ ತಿಂಗಳುಗಳಲ್ಲಿ ಸಮಾಧಿಯ ವಹಿಯ ಅಕ್ಷರ ಅವಸರದ್ದಾಗಿದೆ. ಕೆಲವು ಹೆಸರಿನ ಮುಂದೆ ತಂದೆಯ ಹೆಸರೂ ಇಲ್ಲ. ಪುಣೆಯಿಂದ ಮೊಮ್ಮಕ್ಕಳು ಬಂದು ಅವುಗಳಲ್ಲಿ ತಮ್ಮವರನ್ನು ಹುಡುಕುತ್ತಾರೆ. ಆ ದಿನ ಚಹಾ ನಮ್ಮ ಮನೆಯದು.

ಎಲ್ಲವೂ ಬಗೆಹರಿದಿದೆ ಎಂದಲ್ಲ. ಗಂಟೆಯ ತೊಲೆ ಶಿಥಿಲವಾಗಿದೆ, ಆದ್ದರಿಂದ ಗಂಟೆಯನ್ನು ಹಗ್ಗದಿಂದ ಎಳೆಯದೆ ಸಣ್ಣ ಸುತ್ತಿಗೆಯಿಂದ ಬಾರಿಸುತ್ತೇವೆ. ಊರಿನ ಮದುವೆಗಳಿಗೆ ಅಂಗಳವನ್ನು ಬಾಡಿಗೆಗೆ ಕೊಡಬೇಕೇ ಎಂಬುದರ ಮೇಲೆ ಕಮಿಟಿ ಎರಡು ಪಾಲಾಗಿದೆ. ನಾನು ಬೇಡವೆನ್ನುವವರ ಕಡೆ, ಕೀಲಿಕೈಗೆ ಅಡ್ಡ ನಿಂತಿದ್ದ ಹಿರಿಯರು ಈ ಸಲ ಕೊಡೋಣ ಎನ್ನುವವರ ಕಡೆ. ಬರುವ ಎರಡನೆಯ ರವಿವಾರ ಮತ್ತೆ ಕೂಡುತ್ತೇವೆ.