ಕಾರ್ಬನ್ ಪ್ಲೇಟ್ ಶೂ: ನಾನೇ ಓಡಿ ನೋಡಿದ್ದು

ನಾನು ಹಾಫ್ ಮ್ಯಾರಥಾನ್ ಓಡುವವನು. ಪದಕಕ್ಕಲ್ಲ, ನನ್ನದೇ ಹಳೇ ಟೈಮ್ ಮುರಿಯೋಕೆ. ಕಾರ್ಬನ್ ಪ್ಲೇಟ್ ಶೂ (ದಪ್ಪ ಫೋಮ್ ಅಟ್ಟೆಯೊಳಗೆ ಗಟ್ಟಿ ಕಾರ್ಬನ್ ಫೈಬರ್ ಹಾಳೆ ಇರುವ ರೇಸ್ ಶೂ) ಕೊಂಡಾಗ, ಕಮ್ಮಿ ಶ್ರಮದಲ್ಲಿ ಜೋರಾಗಿ ಓಡಬಹುದು ಅನ್ನುವ ಡಬ್ಬದ ಮೇಲಿನ ಮಾತು ನಂಬುವ ಬದಲು ನಾನೇ ಅಳೆದು ನೋಡೋಣ ಅನ್ನಿಸಿತು. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡುವುದಿಲ್ಲ, ಹಾಗಾಗಿ ಅಲ್ಲೇ ಓಡಿದೆ: ಅದೇ ಸುತ್ತು, ಅದೇ ವೇಗ, ಒಂದು ವಾರ ಹಳೇ ಶೂ, ಇನ್ನೊಂದು ವಾರ ಹೊಸದು, ಕೈಯಲ್ಲಿ ಹಾರ್ಟ್‌ರೇಟ್ ತೋರಿಸುವ ವಾಚ್. ನಿದ್ದೆ, ಸೆಕೆ, ಹಿಂದಿನ ರಾತ್ರಿಯ ಊಟ ಎಲ್ಲವೂ ಲೆಕ್ಕ ಕೆಡಿಸುತ್ತವೆ. ಒಂದೆರಡು ಓಟ ನೋಡಿ ತೀರ್ಮಾನಕ್ಕೆ ಬರಬೇಡಿ.

ನಿಧಾನ ಓಟದಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಟೆಂಪೋ ಓಟದಲ್ಲಿ, ಅಂದರೆ ಸ್ವಲ್ಪ ಹೊತ್ತು ಬಿಡದೆ ಜೋರಾಗಿ ಓಡುವಾಗ, ಹಾರ್ಟ್‌ರೇಟ್ ಸ್ವಲ್ಪ ಇಳಿಯಿತು. ನಿಜವಾದ ಲಾಭ ಗೊತ್ತಾಗಿದ್ದು ಮಾರನೇ ದಿನ ಮೆಟ್ಟಿಲಿಳಿಯುವಾಗ, ತೊಡೆ ಹಿಡಿದುಕೊಳ್ಳುವುದು ಎಷ್ಟೋ ಕಮ್ಮಿಯಾಗಿತ್ತು. ಎಲ್ಲರೂ ಪ್ಲೇಟ್ ಪ್ಲೇಟ್ ಅಂತಾರೆ, ಆದರೆ ಹೆಚ್ಚಿನ ಕೆಲಸ ಮಾಡೋದು ಆ ದಪ್ಪ, ಹಗುರ ಫೋಮ್. ಪ್ಲೇಟನ್ನು ಅಡ್ಡಕ್ಕೆ ಕತ್ತರಿಸಿ ಓಡಿಸಿ ನೋಡಿದ ಸಂಶೋಧಕರಿಗೂ ಲಾಭ ಅಷ್ಟೇನೂ ತಗ್ಗಿದ್ದು ಕಾಣಲಿಲ್ಲ. ಇನ್ನೊಂದು, ತಿರುವಿನಲ್ಲಿ ಕಾಲು ವಾಲುತ್ತದೆ. ಅದಕ್ಕೇ ನಾನು ರೇಸ್‌ಗೆ ಮತ್ತು ಅದರ ಮುಂಚಿನ ಕೆಲವು ಜೋರು ಓಟಗಳಿಗೆ ಮಾತ್ರ ಹಾಕುತ್ತೇನೆ.

ಸರಿ, ಸ್ಪರ್ಧೆಯಲ್ಲಿ ಇದು ಇರಬೇಕಾ? ನನ್ನ ಪ್ರಕಾರ ಇರಲಿ, ಮಿತಿಯೊಳಗೆ. ಓಟದ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ 2020ರಲ್ಲಿ ರೋಡ್ ರೇಸ್‌ಗೆ ಅಟ್ಟೆ ಹೆಚ್ಚೆಂದರೆ 40 ಮಿ.ಮೀ. ದಪ್ಪ, ಒಂದೇ ಪ್ಲೇಟ್ ಅಂತ ಗೆರೆ ಎಳೆಯಿತು. ಅದು ಸುಮ್ನೆ ಕಾಗದದ ಮೇಲಿನ ನಿಯಮವಲ್ಲ: 2021ರ ವಿಯೆನ್ನಾ ಮ್ಯಾರಥಾನ್‌ನಲ್ಲಿ ಮೊದಲು ಬಂದ ಡೆರಾರಾ ಹುರಿಸಾ ಅವರ ಶೂ 5 ಸೆಂ.ಮೀ. ದಪ್ಪ ಇತ್ತು ಅಂತ ಗೆಲುವನ್ನೇ ವಾಪಸ್ ತೆಗೆದುಕೊಂಡರು. ಹೀಗೆ ಅಳೆಯಬಹುದಾದ ನಿಯಮ ಇದ್ದರೆ ನನಗೆ ತಕರಾರಿಲ್ಲ. ಶೂ ಒಬ್ಬೊಬ್ಬರಿಗೆ ಒಂದೊಂದು ಥರ ಒಗ್ಗುತ್ತದೆ, ಒಬ್ಬರಿಗೆ ತುಂಬಾ ಲಾಭ, ಇನ್ನೊಬ್ಬರಿಗೆ ಏನೂ ಇಲ್ಲ ಅನ್ನುವುದು ನಿಜ. ಆದರೆ ಗಾಳಿ ತೆಳುವಾಗಿರುವ ಎತ್ತರದ ಊರಲ್ಲಿ ಹುಟ್ಟಿ ಬೆಳೆದವರಿಗೆ ಓಟದಲ್ಲಿ ಸಿಗುವ ಲಾಭವೂ ಎಲ್ಲರಿಗೂ ಸಿಗಲ್ಲ, ಅಲ್ವಾ?

ನನ್ನ ತಕರಾರು ಬೆಲೆಯ ಬಗ್ಗೆ. 2023ರ ಬರ್ಲಿನ್ ಮ್ಯಾರಥಾನ್‌ನಲ್ಲಿ ಇಥಿಯೋಪಿಯಾದ ಟಿಗಿಸ್ಟ್ ಅಸೆಫಾ 2:11:53ಕ್ಕೆ ಓಡಿ ಆಗಿನ ಮಹಿಳೆಯರ ವಿಶ್ವದಾಖಲೆ ಮಾಡಿದಾಗ ಹಾಕಿದ್ದ ಅಡಿಡಾಸ್ ಶೂ 138 ಗ್ರಾಂ, ಬೆಲೆ 500 ಡಾಲರ್, ಅದೂ ಒಂದು ಮ್ಯಾರಥಾನ್‌ಗೆ ಅಂತಲೇ ಮಾಡಿದ್ದು. ಅಸೆಫಾಗೆ ಕಂಪನಿ ಕೊಡುತ್ತದೆ. ಹಳ್ಳಿಯಿಂದ ಬಂದು ಜಿಲ್ಲಾ ಮಟ್ಟದಲ್ಲಿ ಓಡುವ ಹುಡುಗಿಗೆ ಯಾರು ಕೊಡುತ್ತಾರೆ? ನಾನು ಸಂಬಳದಲ್ಲಿ ಕೊಂಡೆ. ಆದರೆ ನನ್ನ ಓಟದ ಮೇಲೆ ಯಾರ ಕ್ರೀಡಾ ಹಾಸ್ಟೆಲ್ ಸೀಟೂ ನಿಂತಿಲ್ಲ, ಆ ಮಕ್ಕಳದ್ದು ಸೆಕೆಂಡುಗಳ ಮೇಲೆ ನಿಂತಿರುತ್ತದೆ. ಶಾಲಾ ಮತ್ತು ಜೂನಿಯರ್ ರೋಡ್ ರೇಸ್, ಕ್ರಾಸ್ ಕಂಟ್ರಿಗಳಲ್ಲಿ ಪ್ಲೇಟ್ ಇಲ್ಲದ, ತೆಳು ಅಟ್ಟೆಯ ಶೂ ಮಾತ್ರ ಅಂತ ಮಾಡಿದರೆ ಸಾಕು. ಟ್ರ್ಯಾಕ್‌ನಲ್ಲಿ ಈಗಾಗಲೇ ದೊಡ್ಡವರಿಗೇ 20 ಮಿ.ಮೀ. ಮಿತಿ ಇದೆ, ಸ್ಟಾರ್ಟ್‌ಗೆ ಮುಂಚೆ ಸ್ಕೇಲ್ ಹಿಡಿದು ನೋಡುವುದು ಕಷ್ಟದ ಕೆಲಸವೇನಲ್ಲ.