ಇದು ಅದೇ ಎಂದು ಹೇಗೆ ಗೊತ್ತು? ನನ್ನ ಎಂ.ಎಸ್ಸಿ. ರಸಾಯನಶಾಸ್ತ್ರದ ಅನುಭವ

ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ಹೊಸದಾಗಿ ಸೇರಿದವರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ ಒಂದಿದೆ: ಇಷ್ಟೊಂದು ಕ್ರಿಯೆಗಳನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಾನು ಓದಿದ ಎರಡು ವರ್ಷಗಳಲ್ಲಿ ಹಾಸ್ಟೆಲ್ ಕೊಠಡಿಗಳಲ್ಲೂ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲೂ ಈ ಮಾತೇ ನಡೆಯುತ್ತಿತ್ತು. ವಿಜ್ಞಾನಿಗಳ ಹೆಸರು ಹೊತ್ತ ಕ್ರಿಯೆಗಳೇ ಡಜನ್‌ಗಟ್ಟಲೆ ಇವೆ. ಬಾಯಿಪಾಠ ಮಾಡಿದರೆ ಸೆಮಿಸ್ಟರ್ ಪರೀಕ್ಷೆ ದಾಟಬಹುದು, ಅಂಕಗಳೂ ಬರುತ್ತವೆ. ಆದರೆ ಈ ವಿಷಯ ನನ್ನ ಕೈಗೆ ಹತ್ತಿದ್ದು ಬೇರೊಂದು ಪ್ರಶ್ನೆಯ ಬೆನ್ನು ಹಿಡಿದಾಗ. ಸಾವಯವ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ಯಾವ ಉತ್ತರ ಕೊಟ್ಟರೂ "ಹೇಗೆ ಗೊತ್ತು?" ಎನ್ನುತ್ತಿದ್ದರು. ಸೀಸೆಯಲ್ಲಿರುವುದು ನೀನು ಹೇಳುವ ವಸ್ತುವೇ ಎಂದು ಹೇಗೆ ಗೊತ್ತು? ಬಂಧ ಮುರಿದದ್ದು ಇಲ್ಲೇ ಎಂದು ಹೇಗೆ ಗೊತ್ತು? ಆ ಪ್ರಶ್ನೆಯನ್ನು ನಾನು ನನ್ನದಾಗಿಸಿಕೊಂಡೆ. ಎಂ.ಎಸ್ಸಿ.ಯ ಬಿಡಿಬಿಡಿ ಪತ್ರಿಕೆಗಳೆಲ್ಲ ಒಂದೇ ವಿಷಯವಾಗಿ ಕೂಡಿಕೊಂಡದ್ದು ಆಗಲೇ.

ಎಸ್ಟರ್‌ನ ಜಲವಿಭಜನೆಯನ್ನೇ ತೆಗೆದುಕೊಳ್ಳಿ. ಪಿಯುಸಿಯಿಂದ ಓದಿಕೊಂಡು ಬಂದ ಪಾಠ ಅದು: ಎಸ್ಟರ್‌ಗೆ ನೀರು ಸೇರಿದರೆ ಆಮ್ಲ ಮತ್ತು ಆಲ್ಕೋಹಾಲ್. ಆದರೆ ನಡುವಿನ ಆಮ್ಲಜನಕ ಪರಮಾಣು ಯಾರ ಪಾಲಿಗೆ ಹೋಗುತ್ತದೆ? ಎರಡು ಕಡೆ ಎಲ್ಲಿ ಕತ್ತರಿಸಿದರೂ ಸಿಗುವ ವಸ್ತುಗಳು ಅವೇ. ಆದ್ದರಿಂದ ಕಾಗದದ ಮೇಲೆ ಬಾಣ ಎಳೆಯುವುದರಿಂದ ಉತ್ತರ ಸಿಗುವುದಿಲ್ಲ. 1934ರಲ್ಲಿ ಪೊಲಾನ್ಯಿ ಮತ್ತು ಸಾಬೊ ಎಂಬ ಇಬ್ಬರು ವಿಜ್ಞಾನಿಗಳು ಭಾರದ ಆಮ್ಲಜನಕ, ಅಂದರೆ ಆಕ್ಸಿಜನ್-18 ಹೆಚ್ಚಿರುವ ನೀರಿನಲ್ಲಿ ಕ್ಷಾರ ಬೆರೆಸಿ ಎಸ್ಟರನ್ನು ವಿಭಜಿಸಿದರು. ಹೊರಬಂದ ಆಲ್ಕೋಹಾಲಿನಲ್ಲಿ ಆ ಭಾರದ ಪರಮಾಣು ಇರಲಿಲ್ಲ. ಹಾಗಾದರೆ ನೀರಿನ ಆಮ್ಲಜನಕ ಸೇರಿದ್ದು ಆಮ್ಲದ ಭಾಗಕ್ಕೆ, ಬಂಧ ಮುರಿದದ್ದು ಕಾರ್ಬೊನಿಲ್ (ಇಂಗಾಲ-ಆಮ್ಲಜನಕ ದ್ವಿಬಂಧ) ಕಡೆ. ಈ ಪ್ರಯೋಗವನ್ನು ಓದಿದ ಮೇಲೆ ಆ ಮೆಕ್ಯಾನಿಸಂ ಅನ್ನು, ಅಂದರೆ ಕ್ರಿಯೆ ನಡೆಯುವ ಹಂತಗಳನ್ನು, ನೆನಪಿಡುವ ಅಗತ್ಯವೇ ನನಗೆ ಬೀಳಲಿಲ್ಲ. ಅದೇ ಸೆಮಿಸ್ಟರ್‌ನ ಭೌತ ರಸಾಯನ ಪ್ರಯೋಗಾಲಯದಲ್ಲಿ ಮೀಥೈಲ್ ಅಸಿಟೇಟನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕದಡಿ, ಹೊತ್ತುಹೊತ್ತಿಗೆ ಸ್ವಲ್ಪ ತೆಗೆದು ಕ್ಷಾರದೊಂದಿಗೆ ಟೈಟ್ರೇಟ್ ಮಾಡುತ್ತಿದ್ದಾಗ, ಗ್ರಾಫಿನ ಮೇಲೆ ಬೀಳುತ್ತಿದ್ದ ಸರಳರೇಖೆ ಅದೇ ಕ್ರಿಯೆಯ ವೇಗ ಎಂಬುದು ಕಣ್ಣಿಗೆ ಕಟ್ಟಿತು.

ಅಂದಿನಿಂದ ಪ್ರತಿ ಸಂಜೆ ನೋಟ್ಸ್ ಮುಚ್ಚಿಟ್ಟು, ಅಂದಿನ ಪಾಠದ ಒಂದು ಕ್ರಿಯೆಯನ್ನು ಖಾಲಿ ಹಾಳೆಯ ಮೇಲೆ ಮೊದಲಿನಿಂದ ಬರೆಯುತ್ತಿದ್ದೆ. ಎಲೆಕ್ಟ್ರಾನ್ ಕೊಡುವವರು ಯಾರು, ಪಡೆಯುವವರು ಯಾರು, ಬೇರೆ ಜಾಗ ಬಿಟ್ಟು ಇಲ್ಲೇ ಏಕೆ ನಡೆಯಿತು, ಇದಕ್ಕೆ ಸಾಕ್ಷಿ ಏನು. ಸಾಕ್ಷಿ ಗೊತ್ತಿಲ್ಲದಿದ್ದರೆ ಪಕ್ಕದಲ್ಲಿ ಗುರುತು ಹಾಕಿಕೊಂಡು ಮರುದಿನ ಗ್ರಂಥಾಲಯದಲ್ಲಿ ಹುಡುಕುತ್ತಿದ್ದೆ. ನಿಧಾನದ ದಾರಿ ಇದು. ಅಂಗಡಿಯಲ್ಲಿ ಸಿಗುವ ಪ್ರಶ್ನೋತ್ತರ ಗೈಡುಗಳನ್ನು ಮೊದಲ ವರ್ಷದಲ್ಲೇ ಹಿಡಿಯುವುದು ಬೇಡ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಅವು ಉತ್ತರವನ್ನು ಕೊಡುತ್ತವೆ, ಅನುಮಾನ ಪಡುವುದನ್ನು ಕಲಿಸುವುದಿಲ್ಲ.

ಬಹಳ ಮಂದಿ ಹೆದರುವುದು ಅಣುಗಳ ಸಮಮಿತಿಯನ್ನು ಲೆಕ್ಕಕ್ಕೆ ತರುವ ಗುಂಪು ಸಿದ್ಧಾಂತಕ್ಕೆ, ಅಂದರೆ ಗ್ರೂಪ್ ಥಿಯರಿಗೆ. ಆ ಸಮಮಿತಿಯನ್ನು ಅಂಕಿಗಳಲ್ಲಿ ಪಟ್ಟಿ ಮಾಡುವ ಕ್ಯಾರೆಕ್ಟರ್ ಟೇಬಲ್ ನೋಡಿದರೆ ಅದು ರಸಾಯನಶಾಸ್ತ್ರವೇ ಅಲ್ಲವೇನೋ ಎನ್ನಿಸುತ್ತದೆ. ಅಣುಗಳ ಮಾದರಿಯ ಕಿಟ್ ಕೊಳ್ಳಲು ನನ್ನಲ್ಲಿ ಹಣವಿರಲಿಲ್ಲ. ಪೊರಕೆಯಿಂದ ಎಳೆದ ತೆಂಗಿನ ಕಡ್ಡಿಗಳು, ಜೇಡಿಮಣ್ಣಿನ ಉಂಡೆಗಳು, ಅವುಗಳಿಗೆ ಬಳಿಯಲು ಅರಿಶಿನ, ಕುಂಕುಮ ಮತ್ತು ಇದ್ದಿಲ ಪುಡಿ: ಇಷ್ಟೇ ನನ್ನ ಕಿಟ್. ನೀರಿನ ಅಣುವನ್ನು ಹೀಗೆ ಮಾಡಿ ಕೈಯಲ್ಲಿ ತಿರುಗಿಸಿ, ನಡುವೆ ಕನ್ನಡಿ ಹಿಡಿದಂತೆ ಊಹಿಸಿದರೆ, ಏನೂ ಬದಲಾಗದಂತೆ ಕಾಣುವ ಬಗೆಗಳು (ಸುಮ್ಮನೆ ಬಿಡುವುದೂ ಸೇರಿ) ನಾಲ್ಕೇ ಎಂಬುದು ಬೆರಳಿಗೇ ತಿಳಿಯುತ್ತದೆ. ಅದು ಕಂಪಿಸುವ ಬಗೆಗಳು ಮೂರು, ಮೂರೂ ಇನ್ಫ್ರಾರೆಡ್‌ನಲ್ಲಿ, ಅಂದರೆ ಅಣು ಹೀರುವ ಅವಕೆಂಪು ಬೆಳಕಿನ ರೋಹಿತದಲ್ಲಿ, ಕಾಣುತ್ತವೆ. ಇಂಗಾಲದ ಡೈಆಕ್ಸೈಡ್ ನೆಟ್ಟಗಿರುವ ಅಣು. ಅದರ ಎರಡೂ ಆಮ್ಲಜನಕಗಳು ಒಟ್ಟಿಗೆ ಹಿಗ್ಗಿ ಕುಗ್ಗಿದರೆ ಇನ್ಫ್ರಾರೆಡ್‌ಗೆ ಅದು ಕಾಣುವುದಿಲ್ಲ, ಅಣುವಿನಿಂದ ಚದುರಿದ ಬೆಳಕನ್ನು ನೋಡುವ ರಾಮನ್ ರೋಹಿತದಲ್ಲಿ ಕಾಣುತ್ತದೆ. ಸಿ.ವಿ. ರಾಮನ್ ತಮ್ಮ ಶೋಧವನ್ನು ಕುರಿತು 1928ರ ಮಾರ್ಚ್ 16ರಂದು ಉಪನ್ಯಾಸ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಒಂದು ಅಣುವಿನ ಆಕಾರವನ್ನು ನೋಡದೆಯೇ, ಯಾವ ಕಂಪನ ಎಲ್ಲಿ ಕಾಣಿಸಿತು ಎಲ್ಲಿ ಕಾಣಿಸಲಿಲ್ಲ ಎಂಬುದರಿಂದ ಆಕಾರ ಹೇಳಬಹುದು ಎಂದು ತಿಳಿದಾಗ ಆ ಟೇಬಲ್‌ಗಳ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿತು.

ಕ್ವಾಂಟಮ್ ಮೆಕ್ಯಾನಿಕ್ಸ್ ಬಗ್ಗೆ ಹೆಚ್ಚು ಹೇಳಲಾರೆ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ತಾಣದಲ್ಲಿ ಐಐಟಿ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರ ಪಾಠಗಳು ಉಚಿತವಾಗಿ ಸಿಗುತ್ತವೆ. ಪಟ್ಟು ಹಿಡಿದು ಕೇಳಿದರೆ, ಜೊತೆಯಲ್ಲಿ ಲೆಕ್ಕ ಮಾಡಿದರೆ, ದಾಟಬಹುದು. ನಿರವಯವ ಪ್ರಯೋಗಾಲಯದಲ್ಲಿ ನಿಕ್ಕಲ್‌ನ ತೂಕಮಾಪನ ನನಗೆ ಇಷ್ಟವಾಗಿತ್ತು. ಡೈಮೀಥೈಲ್‌ಗ್ಲೈಆಕ್ಸಿಮ್ ಹಾಕಿ ಅಮೋನಿಯಾ ಬಿಟ್ಟೊಡನೆ ಇಡೀ ಬೀಕರ್ ಕೆಂಪು ದಾಸವಾಳದ ಬಣ್ಣಕ್ಕೆ ತಿರುಗುತ್ತದೆ. ಸೋಸಿ, ಒಣಗಿಸಿ, ತೂಗಿ 0.2032ರಿಂದ ಗುಣಿಸಿದರೆ ನಿಕ್ಕಲ್‌ನ ತೂಕ. ಆ ಸಂಖ್ಯೆ ಎಲ್ಲಿಂದ ಬಂತು ಎಂದು ಅಣುತೂಕ ಹಿಡಿದು ಒಮ್ಮೆ ತಾವೇ ಲೆಕ್ಕ ಹಾಕದವರು ಆ ಪ್ರಯೋಗ ಮಾಡಿಯೂ ಮಾಡದಂತೆ.

ಇನ್ನು ಪ್ರಾಜೆಕ್ಟ್. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಸಾವಯವ ವಿಭಾಗದಲ್ಲಿ ಓದಿದವರಿಗೆ ಚಾಲ್ಕೋನ್, ಪೈರಜೋಲಿನ್ ಎಂಬ ಸಾವಯವ ವಸ್ತುಗಳ ಹೆಸರುಗಳು ಹೊಸದಲ್ಲ. "ಎಲ್ಲರೂ ಮಾಡುವುದು ಅದನ್ನೇ" ಎಂದು ಹಗುರವಾಗಿ ಮಾತಾಡುವವರಿದ್ದಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಅಗ್ಗದ ವಸ್ತುಗಳಿಂದ, ಸರಳ ಗಾಜಿನ ಸಾಮಾನಿನಲ್ಲಿ, ಎಂ.ಎಸ್ಸಿ.ಯಲ್ಲಿ ಕಲಿತದ್ದನ್ನು ಹೆಚ್ಚುಕಡಿಮೆ ಎಲ್ಲವನ್ನೂ ಒರೆಗೆ ಹಚ್ಚುವ ಕೆಲಸ ಅದು.

ಅಸಿಟೋಫಿನೋನ್ ಮತ್ತು ಬೆಂಜಾಲ್ಡಿಹೈಡನ್ನು ಎಥೆನಾಲಿನಲ್ಲಿ ಬೆರೆಸಿ, ತಣ್ಣಗಿಟ್ಟು, ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ದ್ರಾವಣ ಹಳದಿಯಾಗಿ, ಕಲಕುತ್ತಿದ್ದಂತೆ ಮಂದವಾಗಿ, ಕೊನೆಗೆ ತಿಳಿಹಳದಿ ಚಾಲ್ಕೋನ್ ಗಟ್ಟಿಯಾಗುತ್ತದೆ. ಕೆಲವೊಮ್ಮೆ ಎಣ್ಣೆಯಾಗಿ ಕೂರುತ್ತದೆ. ಆಗ ಗಾಜಿನ ಕಡ್ಡಿಯಿಂದ ಬೀಕರಿನ ಒಳಗೋಡೆಯನ್ನು ಗೀಚಬೇಕು, ಹಳೆಯ ಹರಳು ಒಂದಿದ್ದರೆ ಹಾಕಬೇಕು. ಚರ್ಮಕ್ಕೆ ತಾಗಿದರೆ ಉರಿ ಬರುತ್ತದೆ, ಕೈಗವಸು ಬೇಕೇ ಬೇಕು. ಎಥೆನಾಲಿನಿಂದ ಮತ್ತೆ ಹರಳುಗಟ್ಟಿಸಿದ ಮೇಲೆ 55ರಿಂದ 57 ಡಿಗ್ರಿಯಲ್ಲಿ ಕರಗುತ್ತದೆ. ಹೇಗೆ ಗೊತ್ತು? ಕರಗುವ ಬಿಂದು ಒಂದು ಸಾಕ್ಷಿ. ಮಿಶ್ರಣದ ವಸ್ತುಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಟಿಎಲ್‌ಸಿ ತಟ್ಟೆಯಲ್ಲಿ ಮೂಲ ವಸ್ತುಗಳ ಚುಕ್ಕೆಗಳು ಮಾಯವಾಗಿ ಹೊಸ ಚುಕ್ಕೆ ಬಂದದ್ದು ಇನ್ನೊಂದು. ಇನ್ಫ್ರಾರೆಡ್‌ನಲ್ಲಿ ಅಸಿಟೋಫಿನೋನ್‌ನ ಕಾರ್ಬೊನಿಲ್ ಗೆರೆ 1685 ಸೆಂ.ಮೀ.⁻¹ ಸುಮಾರಿಗೆ ಇದ್ದದ್ದು 1660ರ ಸುಮಾರಿಗೆ ಇಳಿದದ್ದು ಮೂರನೆಯದು, ಏಕೆಂದರೆ ಪಕ್ಕದಲ್ಲಿ ಹೊಸ ದ್ವಿಬಂಧ ಬಂದು ಕೂತಿದೆ. ಎನ್‌ಎಂಆರ್‌ನಲ್ಲಿ (ಕಾಂತಕ್ಷೇತ್ರದಲ್ಲಿಟ್ಟ ಅಣುವಿನ ಹೈಡ್ರೋಜನ್‌ಗಳನ್ನು ಗೆರೆಗಳಾಗಿ ತೋರಿಸುವ ವಿಧಾನ) ಆ ದ್ವಿಬಂಧದ ಎರಡು ಹೈಡ್ರೋಜನ್‌ಗಳ ನಡುವಿನ ಕಪ್ಲಿಂಗ್, ಅಂದರೆ ಒಂದು ಇನ್ನೊಂದರ ಗೆರೆಯನ್ನು ಸೀಳುವ ಅಂತರ, 16 ಹರ್ಟ್ಸ್‌ನಷ್ಟಿದ್ದರೆ ಅವು ಎದುರುಬದುರು ಇವೆ, ಅಂದರೆ ಟ್ರಾನ್ಸ್.

ಮುಂದಿನ ಹೆಜ್ಜೆ ಚಾಲ್ಕೋನ್‌ಗೆ ಫಿನೈಲ್‌ಹೈಡ್ರಜೀನ್ ಸೇರಿಸಿ ಅಸಿಟಿಕ್ ಆಮ್ಲದಲ್ಲಿ ಕುದಿಸಿ ಪೈರಜೋಲಿನ್ ಮಾಡುವುದು. ಫಿನೈಲ್‌ಹೈಡ್ರಜೀನ್ ವಿಷಕಾರಿ, ಫ್ಯೂಮ್ ಹುಡ್ ಬಿಟ್ಟು ಮುಟ್ಟಬಾರದು. ಕ್ರಿಯೆ ಸಾಗುತ್ತಿದೆಯೋ ಎಂದು ನೋಡಲು ಟಿಎಲ್‌ಸಿ ತಟ್ಟೆಯನ್ನು ಉದ್ದ ತರಂಗದ ಯುವಿ ದೀಪದ ಕೆಳಗೆ ಹಿಡಿದೆ. ಪೈರಜೋಲಿನ್‌ನ ಚುಕ್ಕೆ ನೀಲಿಯಾಗಿ ಬೆಳಗುತ್ತಿತ್ತು. ಈ ಬಗೆಯ ಪೈರಜೋಲಿನ್‌ಗಳನ್ನು ಬಟ್ಟೆ ಬೆಳ್ಳಗೆ ಕಾಣಲು ಬಳಸುವುದೂ ಈ ಹೊಳಪಿನಿಂದಾಗಿಯೇ.

ಆಮೇಲೆ ಬಂದದ್ದು ಎನ್‌ಎಂಆರ್ ಹಾಳೆ. ಮೊದಲ ದರ್ಶನಕ್ಕೆ ಗೊಂದಲ. ಫಿನೈಲ್ ಉಂಗುರಗಳ ಗುಂಪು ಒಂದು ಕಡೆ ಸರಿ. ಆದರೆ ಉಳಿದ ಮೂರೇ ಮೂರು ಹೈಡ್ರೋಜನ್‌ಗಳು 3.1, 3.8 ಮತ್ತು 5.3 ಪಿಪಿಎಂ (ಎನ್‌ಎಂಆರ್ ಹಾಳೆಯ ಅಳತೆ) ಹತ್ತಿರ ಮೂರು ಪ್ರತ್ಯೇಕ ಗುಂಪುಗಳಾಗಿ ನಿಂತಿದ್ದವು, ಪ್ರತಿಯೊಂದರಲ್ಲೂ ನಾಲ್ಕು ಗೆರೆ. ಒಂದೇ ಇಂಗಾಲದ ಮೇಲಿರುವ ಎರಡು ಹೈಡ್ರೋಜನ್‌ಗಳು ಬೇರೆಬೇರೆ ಜಾಗದಲ್ಲಿ ಏಕೆ? ನಾನು ಮತ್ತೆ ತೆಂಗಿನ ಕಡ್ಡಿ ತೆಗೆದೆ. ಪೈರಜೋಲಿನ್‌ನ ಐದು ಮೂಲೆಯ ಉಂಗುರ ಮಾಡಿ, ಐದನೆಯ ಇಂಗಾಲದ ಮೇಲ್ಭಾಗಕ್ಕೆ ಫಿನೈಲ್ ಚುಚ್ಚಿದೆ. ಪಕ್ಕದ ಇಂಗಾಲದ ಒಂದು ಹೈಡ್ರೋಜನ್ ಫಿನೈಲ್ ಇರುವ ಕಡೆ, ಇನ್ನೊಂದು ಅದರ ಆಚೆ. ಅವು ಎಂದಿಗೂ ಒಂದೇ ಅಲ್ಲ. ಫಿನೈಲ್‌ನ ನೆರಳಿನಲ್ಲಿರುವುದು 3.1ಕ್ಕೆ ಇಳಿದಿದೆ, ಆಚೆಯದು 3.8ರಲ್ಲಿದೆ. ಸ್ಕೇಲ್ ಹಿಡಿದು ಗೆರೆಗಳ ಅಂತರ ಅಳೆದೆ. 17 ಹರ್ಟ್ಸ್‌ನ ಅಂತರ ಈ ಎರಡು ಗುಂಪುಗಳಲ್ಲೂ ಇತ್ತು: ಇದು ಆ ಇಬ್ಬರ ನಡುವಿನದು. 12 ಮತ್ತು 7ರ ಅಂತರಗಳು ಎರಡೂ 5.3ರ ಗುಂಪಿನಲ್ಲಿ ಸಿಕ್ಕವು: ಅದು ಐದನೆಯ ಇಂಗಾಲದ ಹೈಡ್ರೋಜನ್. ಮೊದಲ ಸೆಮಿಸ್ಟರ್‌ನ ಸ್ಟೀರಿಯೋಕೆಮಿಸ್ಟ್ರಿ, ಎರಡು ಬಂಧಗಳ ನಡುವಿನ ಕೋನಕ್ಕೂ ಕಪ್ಲಿಂಗ್‌ಗೂ ಇರುವ ನಂಟು, ಪ್ರಯೋಗಾಲಯದಲ್ಲಿ ಕೈಯಾರೆ ಮಾಡಿದ ಕ್ರಿಯೆ, ಮೂರೂ ಒಂದೇ ಹಾಳೆಯ ಮೇಲೆ ಬಂದು ಸೇರಿದ್ದವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಸಂತೋಷವಾಗಿತ್ತು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಈ ಮೂರು ಗುಂಪುಗಳ ಬಗ್ಗೆ. ಕಡ್ಡಿಯ ಮಾದರಿಯನ್ನು ಮೇಜಿನ ಮೇಲಿಟ್ಟು ಉತ್ತರಿಸಿದೆ.

ಸಂಶೋಧನೆ ಮತ್ತು ಅಧ್ಯಾಪನಕ್ಕೆ ಅರ್ಹತೆ ಕೊಡುವ ಸಿಎಸ್‌ಐಆರ್ ನೆಟ್‌ಗೆ ಓದುವಾಗಲೂ ಈ ಅಭ್ಯಾಸವೇ ಕೈಹಿಡಿಯಿತು. 200 ಅಂಕಗಳ ಆ ಪರೀಕ್ಷೆಯಲ್ಲಿ ಸಿ ಭಾಗದ 60 ಪ್ರಶ್ನೆಗಳಲ್ಲಿ 25ಕ್ಕೆ ಉತ್ತರಿಸಿದರೆ ಸಾಕು, ಆದರೆ ಒಂದೊಂದಕ್ಕೆ 4 ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಊಹೆಗೆ ಅಲ್ಲಿ ಜಾಗವಿಲ್ಲ. ರೋಹಿತದ ಅಂಕಿಅಂಶ ಕೊಟ್ಟು ರಚನೆ ಕೇಳುವ ಪ್ರಶ್ನೆಗಳನ್ನೇ ನಾನು ಮೊದಲು ಆರಿಸಿಕೊಳ್ಳುತ್ತಿದ್ದೆ.

ಈ ವರ್ಷ ಸೇರುವವರು ನಿಮ್ಮ ವಿಭಾಗದ ಸಂಶೋಧನಾ ವಿದ್ಯಾರ್ಥಿಗಳ ಬಳಿ ಹೋಗಿ ಹಳೆಯ ಎನ್‌ಎಂಆರ್ ಹಾಳೆಗಳನ್ನು ಕೇಳಿ ಪಡೆಯಿರಿ. ಸಿಗದಿದ್ದರೆ ಜಪಾನಿನ ಎಸ್‌ಡಿಬಿಎಸ್ ಎಂಬ ದತ್ತಾಂಶ ಸಂಗ್ರಹ ಉಚಿತವಾಗಿದೆ, ಸಾವಿರಾರು ವಸ್ತುಗಳ ರೋಹಿತಗಳು ಅಲ್ಲಿವೆ. ಹೆಸರನ್ನು ಮುಚ್ಚಿಟ್ಟು ಬಿಡಿಸಿ. ಪ್ರಯೋಗಾಲಯದ ಹಾಳೆಯಾದರೆ ಮೊದಲು 7.26 ಪಿಪಿಎಂನಲ್ಲಿ ದ್ರಾವಕವಾದ ಕ್ಲೋರೋಫಾರಂನ ಗೆರೆಯನ್ನು ಗುರುತಿಸಿ. 1.26, 2.05, 4.12ರಲ್ಲಿ ಮೂರು ಗೆರೆಗುಂಪುಗಳು ಕಂಡರೆ ಅದು ಸರಿಯಾಗಿ ಒಣಗಿಸದೆ ಉಳಿದ ಈಥೈಲ್ ಅಸಿಟೇಟ್, ಅದನ್ನು ಪಕ್ಕಕ್ಕಿಡಿ. ಉಳಿದ ಪ್ರತಿ ಗೆರೆಗೂ ಅಣುವಿನಲ್ಲಿ ಜಾಗ ತೋರಿಸುವವರೆಗೆ ಮುಂದಿನ ಹಾಳೆ ತೆರೆಯಬೇಡಿ.