ಕೇರೆಯೋ ನಾಗರವೋ? ದೂರದಿಂದಲೇ ಗುರುತಿಸುವುದು ಹೀಗೆ

ಹಿತ್ತಲಲ್ಲಿ ಆರಡಿ ಉದ್ದದ ಕಂದು ಹಾವು ಸರ್ರನೆ ಹರಿದರೆ ಬಾಯಿಗೆ ಬರುವುದು ನಾಗರದ ಹೆಸರು, ಕೈಗೆ ಬರುವುದು ದೊಣ್ಣೆ. ವಿಷವೇ ಇಲ್ಲದ ಎಷ್ಟೋ ಕೇರೆಗಳು ಹೀಗೆ ಸಾಯುತ್ತವೆ.

ಮೊದಲು ಹತ್ತು ಹದಿನೈದು ಅಡಿ ಹಿಂದೆ ಸರಿದು ನಿಲ್ಲಿ. ಮೊಬೈಲಿನಲ್ಲಿ ಜೂಮ್ ಮಾಡಿ ಒಂದೆರಡು ಫೋಟೊ ತೆಗೆಯಿರಿ. ತಲೆ, ಕತ್ತು, ಬಾಲ ಮೂರೂ ಕಾಣಬೇಕು.

ಬಣ್ಣ ನೋಡಿ ತೀರ್ಮಾನಿಸಬೇಡಿ. ಕೇರೆ ಹಳದಿಗಂದು, ಬೂದು, ಹಸಿರುಗಂದು, ಕೆಲವೊಮ್ಮೆ ಹೆಚ್ಚುಕಡಿಮೆ ಕಪ್ಪಾಗಿಯೂ ಇರುತ್ತದೆ. ನಾಗರದ ಬಣ್ಣವೂ ಅಷ್ಟೇ ಬದಲಾಗುತ್ತದೆ. ನೋಡಬೇಕಾದದ್ದು ತುಟಿ. ಕೇರೆಯ ತುಟಿಯ ಹುರುಪೆಗಳ ನಡುವೆ, ಪೆನ್ನಿನಿಂದ ಗೀಟು ಎಳೆದಂತೆ, ಕಪ್ಪು ಗೆರೆಗಳಿರುತ್ತವೆ. ಕಣ್ಣು ದೊಡ್ಡದು, ಪಾಪೆ ದುಂಡಗೆ. ಕತ್ತು ತಲೆಗಿಂತ ಎದ್ದುಕಾಣುವಷ್ಟು ಸಣ್ಣ. ಮೈಯ ಹಿಂಭಾಗದಿಂದ ಬಾಲದವರೆಗೆ ಕಪ್ಪು ಅಡ್ಡಪಟ್ಟೆಗಳು. ನಾಗರದಲ್ಲಿ ತಲೆಗೂ ಕತ್ತಿಗೂ ಅಂಥ ವ್ಯತ್ಯಾಸ ಕಾಣದು. ಕತ್ತಿನ ಅಡಿಯಲ್ಲಿ ಸಾಮಾನ್ಯವಾಗಿ ಅಗಲವಾದ ಕಪ್ಪು ಪಟ್ಟಿ ಇರುತ್ತದೆ.

‘ಹೆಡೆ ಬಿಚ್ಚಲಿಲ್ಲ, ಹಾಗಾಗಿ ಕೇರೆಯೇ’ ಎಂದುಕೊಳ್ಳುವುದು ಅತಿ ಅಪಾಯದ ತಪ್ಪು. ಗಾಬರಿಯಿಲ್ಲದೆ ಹರಿಯುವ ನಾಗರ ಹೆಡೆ ಎತ್ತುವುದೇ ಇಲ್ಲ. ಮೂಲೆಗೆ ಸಿಕ್ಕ ಕೇರೆಯೂ ಕತ್ತು ಉಬ್ಬಿಸಿ ಗುರುಗುಟ್ಟುತ್ತದೆ. ಆದರೆ ನಾಗರದ ಹೆಡೆ ಎಡಕ್ಕೂ ಬಲಕ್ಕೂ ಅಗಲವಾಗುತ್ತದೆ. ಕೇರೆಯ ಕತ್ತು ಪಕ್ಕದಿಂದ ಚಪ್ಪಟೆಯಾಗಿ ಮೇಲಕ್ಕೂ ಕೆಳಕ್ಕೂ ಉಬ್ಬುತ್ತದೆ. ಅನುಮಾನ ಉಳಿದರೆ ವಿಷದ ಹಾವೆಂದೇ ತಿಳಿದು ನಡೆಯಿರಿ.

ಹಾವು ಹೋಗಿ ಪೊರೆ ಮಾತ್ರ ಸಿಕ್ಕಿದೆಯೇ? ಗುರುತಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರಿಲ್ಲ, ಏಕೆಂದರೆ ಪೊರೆಯ ಹುರುಪೆಗಳನ್ನು ಎಣಿಸಬಹುದು. ಸ್ವಲ್ಪ ನೀರು ಚಿಮುಕಿಸಿ ಮೆತ್ತಗಾಗಿಸಿ, ಕಪ್ಪು ಕಾಗದದ ಮೇಲೆ ಹರಡಿ. ಹೊಟ್ಟೆಯ ಅಗಲವಾದ ಒಂಟಿ ಹುರುಪೆಗಳು ಮುಗಿಯುವಲ್ಲಿ ಗುದದ್ವಾರದ ಹುರುಪೆ ಇರುತ್ತದೆ: ಕೇರೆಯಲ್ಲಿ ಎರಡು ಹೋಳು, ನಾಗರದಲ್ಲಿ ಒಂದೇ. ಅಲ್ಲಿಂದ ಬಾಲದ ಅಡಿಯ ಜೋಡಿ ಹುರುಪೆಗಳನ್ನು ಎಣಿಸಿ. ಕೇರೆಯ ಬಾಲ ಉದ್ದ, 90 ಜೋಡಿಗಿಂತ ಹೆಚ್ಚು ಸಿಗುತ್ತದೆ. ನಾಗರದಲ್ಲಿ 80 ದಾಟದು. ಬಾಲದ ತುದಿ ಹರಿದಿದ್ದರೆ ಈ ಎಣಿಕೆ ನಂಬುವಂತಿಲ್ಲ. ಉದ್ದದ ಅಳತೆಯನ್ನೂ ನೆಚ್ಚಬೇಡಿ: ಕಳಚುವಾಗ ಹಿಗ್ಗುವ ಪೊರೆ ಹಾವಿಗಿಂತ ಉದ್ದವಾಗಿರುತ್ತದೆ. ಇನ್ನೊಂದು ಮಾತು, ಈ ಲೆಕ್ಕ ಈ ಎರಡು ಹಾವುಗಳ ನಡುವೆ ಮಾತ್ರ.

ಕೇರೆ ಹಗಲಿನ ಹಾವು. ಗದ್ದೆಯ ಬದು, ಹುಲ್ಲಿನ ಬಣವೆ, ಕಟ್ಟಿಗೆ ರಾಶಿ, ಹುತ್ತ, ಇಲಿಬಿಲ ಅದರ ಠಾವು. ಮರವನ್ನೂ ಹತ್ತುತ್ತದೆ, ಈಜುತ್ತದೆ. ಇಲಿ, ಹೆಗ್ಗಣ, ಕಪ್ಪೆ, ಓತಿ, ಹಕ್ಕಿ ಅದರ ಆಹಾರ. ಹೆಬ್ಬಾವಿನಂತೆ ಸುತ್ತಿ ಹಿಸುಕದೆ, ಬೇಟೆಯನ್ನು ಮೈಭಾರದಿಂದ ನೆಲಕ್ಕೆ ಅದುಮಿ ಹಿಡಿದು ನುಂಗುತ್ತದೆ. ಇಲಿಯ ಬಿಲದೊಳಗೇ ನುಗ್ಗಬಲ್ಲ ಈ ಜೀವಿಯನ್ನು ರೈತರು ಹೊಲದಲ್ಲಿ ಉಳಿಸಿಕೊಳ್ಳಲೇಬೇಕು. ಹಸುವಿನ ಕಾಲಿಗೆ ಸುತ್ತಿ ಹಾಲು ಕುಡಿಯುತ್ತದೆ ಎಂಬುದು ಸುಳ್ಳು, ಬಾಲದಲ್ಲಿ ವಿಷವಿದೆ ಎಂಬುದೂ ಸುಳ್ಳು. ಹೆಣೆದುಕೊಂಡು ಮೇಲೇಳುವ ಎರಡು ಹಾವುಗಳು ಕೇರೆ ಮತ್ತು ನಾಗರದ ಜೋಡಿಯಲ್ಲ. ಸಾಮಾನ್ಯವಾಗಿ ಅವು ಬಲ ತೋರಿಸಲು ಸೆಣಸುತ್ತಿರುವ ಎರಡು ಗಂಡು ಕೇರೆಗಳು.

ಮನೆಯೊಳಗೆ ಬಂದರೆ ಮಕ್ಕಳನ್ನೂ ನಾಯಿಯನ್ನೂ ಹೊರಗೆ ಕಳಿಸಿ. ಒಳಬಾಗಿಲುಗಳನ್ನು ಮುಚ್ಚಿ, ಅವುಗಳ ಅಡಿಯ ಸಂದಿಗೆ ಬಟ್ಟೆ ತುರುಕಿ, ಹೊರಬಾಗಿಲು ಪೂರ್ತಿ ತೆರೆದು ದೂರ ನಿಲ್ಲಿ. ಸದ್ದಿಲ್ಲದಿದ್ದರೆ ಅದು ಗೋಡೆಗುಂಟ ಹರಿದು ಹೊರಡುತ್ತದೆ. ಸೀಮೆಎಣ್ಣೆ, ಫಿನಾಯಿಲ್ ಸುರಿದರೆ ಗಾಬರಿಯಿಂದ ಇನ್ನಷ್ಟು ಒಳಗೆ ಸೇರಿಕೊಳ್ಳುತ್ತದೆ. ಬಲೆಗೆ ಸಿಕ್ಕಿಕೊಂಡಿದ್ದರೆ ಬಾಲ ಹಿಡಿದು ಎಳೆಯಬೇಡಿ. ನೂಲು ಹುರುಪೆಯ ಅಡಿಗೆ ಇಳಿದು ಮೈ ಸೀಳುತ್ತದೆ. ಅರಣ್ಯ ಇಲಾಖೆಗೆ ಅಥವಾ ತರಬೇತಿ ಪಡೆದ ಹಾವು ರಕ್ಷಕರಿಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇರೆಯನ್ನು ಕೊಲ್ಲುವುದೂ ಸಾಕುವುದೂ ಅಪರಾಧ.

ಕೇರೆ ಕಚ್ಚಿದರೆ ಚೂಪು ಹಲ್ಲುಗಳಿಂದ ರಕ್ತ ಬರುತ್ತದೆ, ನೋಯುತ್ತದೆ. ಸೋಪುನೀರಿನಲ್ಲಿ ತೊಳೆದು, ಟೆಟನಸ್ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ. ಕಚ್ಚಿದ್ದು ಕೇರೆಯೇ ಎಂಬ ಖಾತ್ರಿ ಇಲ್ಲದಿದ್ದರೆ ಉಂಗುರ, ಬಳೆ ತೆಗೆದು, ಕೈಕಾಲು ಅಲುಗಾಡಿಸದೆ ತಕ್ಷಣ ಆಸ್ಪತ್ರೆಗೆ ಹೊರಡಿ. ಕಟ್ಟು ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಹಾವನ್ನು ಹಿಡಿದು ತರಲು ಹೋಗಬೇಡಿ. ಮೊದಲೇ ತೆಗೆದ ಫೋಟೊ ವೈದ್ಯರಿಗೆ ತೋರಿಸಿ.